ನೀರಿನ ಸರದಿ ಯಾರದು?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮೇರಿಕದ ಒರೆಗಾನ್ ರಾಜ್ಯದ ದಕ್ಷಿಣದ ಅಂಚಿನಲ್ಲಿ ಕ್ಲಾಮತ್ ಫಾಲ್ಸ್ ಎಂಬ ಪಟ್ಟಣವಿದೆ. 2001ರ ಮೇ 7ರಂದು ಅಲ್ಲಿ ಸಾವಿರಾರು ರೈತರು ಮತ್ತು ಅವರ ಬೆಂಬಲಿಗರು ಬೀದಿಯುದ್ದಕ್ಕೂ ಸಾಲಾಗಿ ನಿಂತು, ಬಕೆಟುಗಳಲ್ಲಿ ನೀರು ತುಂಬಿ ಕೈಯಿಂದ ಕೈಗೆ ದಾಟಿಸುತ್ತಾ ಕಾಲುವೆಯೊಂದಕ್ಕೆ ಸುರಿದರು. ಆ ನೀರಿನಿಂದ ಒಂದು ಆಲೂಗಡ್ಡೆಯ ಗಿಡವೂ ಬದುಕುವಂತಿರಲಿಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಬರಗಾಲದ ಆ ವರ್ಷ ಏಪ್ರಿಲ್ 6ರಂದು ಸರಕಾರ ಒಂದು ತೀರ್ಮಾನ ಪ್ರಕಟಿಸಿತ್ತು. ಕ್ಲಾಮತ್ ನೀರಾವರಿ ಯೋಜನೆಯ 2 ಲಕ್ಷ ಎಕರೆಗೂ ಮಿಕ್ಕಿದ ಭೂಮಿಯಲ್ಲಿ ಬಹುಭಾಗಕ್ಕೆ ಆ ಬೇಸಿಗೆಯಲ್ಲಿ ಹನಿ ನೀರೂ ಇಲ್ಲ. ಸರೋವರದಲ್ಲಿ ಸಕ್ಕರ್ ಎಂಬ ಎರಡು ಜಾತಿಯ ಮೀನುಗಳಿವೆ, ಕೆಳಗಿನ ನದಿಯಲ್ಲಿ ಕೋಹೋ ಸಾಲ್ಮನ್ ಇದೆ. ಅಳಿವಿನಂಚಿನ ಜೀವಿಗಳ ಕಾನೂನಿನಂತೆ ನೀರು ಅವುಗಳಿಗೆ ಮೀಸಲು.

ಮನುಷ್ಯನ ಹೊಟ್ಟೆಗಿಂತ ಮೀನು ದೊಡ್ಡದೇ ಎಂದು ರೈತರು ಕೇಳಿದರು. ಜುಲೈ ತಿಂಗಳಲ್ಲಿ ಕಾಲುವೆಯ ಬಾಗಿಲನ್ನು ಬಲವಂತವಾಗಿ ತೆರೆದರು. ಮುಚ್ಚಿದಾಗ ಮತ್ತೆ ತೆರೆದರು. ಕೊನೆಗೆ ಫೆಡರಲ್ ಸರಕಾರದ ಸಶಸ್ತ್ರ ಸಿಬ್ಬಂದಿ ಒಂದು ಕಾಲುವೆಯ ಬಾಗಿಲನ್ನು ಕಾಯುವಂತಾಯಿತು.

ಈ ಪ್ರಶ್ನೆ ನಮ್ಮ ನಡುವೆಯೂ ಹೊಸದಲ್ಲ. ಹುಲಿ, ಆನೆ, ಕಪ್ಪೆಗಳ ರಕ್ಷಣೆಯ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದು ನಗು ಹಾದುಹೋಗುತ್ತದೆ. ಮನುಷ್ಯರಿಗೇ ದಿಕ್ಕಿಲ್ಲದಾಗ ಇದೆಲ್ಲ ಹೊಟ್ಟೆ ತುಂಬಿದವರ ಹವ್ಯಾಸವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದ್ದರಿಂದಲೇ ಇಂದು ನಾವು ಈ ದೂರದ ಜಗಳವನ್ನು ನಿಮ್ಮ ಮುಂದಿಡಲು ಬಯಸಿದ್ದೇವೆ. ಹತ್ತಿರ ಹೋಗಿ ನೋಡಿದರೆ ಇದು ರೈತನಿಗೂ ಮೀನಿಗೂ ನಡೆದ ಜಗಳವೇ ಅಲ್ಲ.

1864ರಲ್ಲಿ ಅಮೇರಿಕ ಸರಕಾರ ಕ್ಲಾಮತ್, ಮೊಡಾಕ್ ಮತ್ತು ಯಹೂಸ್ಕಿನ್ ಬುಡಕಟ್ಟುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಅವರು ತಮ್ಮ ನಾಡಿನ ಬಹುಭಾಗವನ್ನು ಬಿಟ್ಟುಕೊಟ್ಟರು. ಉಳಿದ ಭೂಮಿಯಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಮಾತ್ರ ಉಳಿಸಿಕೊಂಡರು. ಮೀನು ಹಿಡಿಯುವ ಹಕ್ಕೆಂದರೆ ಮೀನು ಬದುಕಲು ಬೇಕಾದ ನೀರಿನ ಹಕ್ಕೂ ಹೌದೆಂದು 1983ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಇದು ಮೊದಲ ವಾಗ್ದಾನ.

1905ರಲ್ಲಿ ಅದೇ ಸರಕಾರ ಅದೇ ನೀರಿನ ಮೇಲೆ ನೀರಾವರಿ ಯೋಜನೆಯನ್ನು ಆರಂಭಿಸಿತು. ಜೌಗು ನೆಲವನ್ನು, ಸರೋವರಗಳನ್ನು ಬತ್ತಿಸಿ ಹೊಲ ಮಾಡಿತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ, ಅನಂತರ ಎರಡನೆಯದರಿಂದ ಮರಳಿದವರಿಗೆ ಅಲ್ಲಿ ಭೂಮಿ ಹಂಚಿತು. ಎರಡನೇ ಮಹಾಯುದ್ಧದ ಬಳಿಕ ಉಪ್ಪಿನಕಾಯಿಯ ಜಾಡಿಯೊಂದರಿಂದ ಚೀಟಿ ಎತ್ತಿ ಅದೃಷ್ಟವಂತರನ್ನು ಆರಿಸಲಾಯಿತು. ಭೂಮಿಯ ಜೊತೆಗೆ ನೀರಿನ ಭರವಸೆಯೂ ಇತ್ತು. ಇಂದಿನ ರೈತರಲ್ಲಿ ಅನೇಕರು ಆ ಸೈನಿಕರ ಮಕ್ಕಳು, ಮೊಮ್ಮಕ್ಕಳು. ಅವರು ಯಾರ ನೀರನ್ನೂ ಕದ್ದವರಲ್ಲ. ಸರಕಾರ ಕರೆದದ್ದರಿಂದ ಬಂದವರು. ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಆ ಸೈನಿಕರಿಗೆ ವಾಸಕ್ಕೆಂದು ಕೊಟ್ಟ ಮರದ ಕಟ್ಟಡಗಳು, ಯುದ್ಧಕಾಲದಲ್ಲಿ ಜಪಾನ್ ಮೂಲದ ಅಮೇರಿಕನ್ನರನ್ನು ಕೂಡಿಹಾಕಿದ್ದ ಟ್ಯೂಲಿ ಲೇಕ್ ಬಂದೀಖಾನೆಯ ಬ್ಯಾರಕ್ಕುಗಳಾಗಿದ್ದವು. ಒಂದು ಜನಾಂಗವನ್ನು ಹುಟ್ಟಿನ ಕಾರಣಕ್ಕಾಗಿ ಶಂಕಿಸಿ ಬಂಧಿಸಿದ ಗೋಡೆಗಳೇ ಇನ್ನೊಬ್ಬರ ಮನೆಯ ಗೋಡೆಗಳಾದವು. ಆ ನೆಲದಲ್ಲಿ ಅನ್ಯಾಯ ಪದರ ಪದರವಾಗಿ ಕುಳಿತಿದೆ. ಬುಡಕಟ್ಟಿನವರ ಸ್ಥಿತಿಯಾದರೋ, 1954ರ ಕಾನೂನಿನಿಂದ ಅವರ ಮಾನ್ಯತೆಯೇ ರದ್ದಾಗಿ, ಮೀಸಲು ಭೂಮಿ ಕೈತಪ್ಪಿತು. 1986ರಲ್ಲಿ ಮಾನ್ಯತೆ ಮರಳಿತು, ಭೂಮಿ ಮರಳಲಿಲ್ಲ.

ಮೂರನೆಯ ವಾಗ್ದಾನ 1973ರ ಅಳಿವಿನಂಚಿನ ಜೀವಿಗಳ ಕಾನೂನು. 1988ರಲ್ಲಿ ಸಕ್ಕರ್ ಮೀನುಗಳು, 1997ರಲ್ಲಿ ಅಲ್ಲಿನ ಕೋಹೋ ಸಾಲ್ಮನ್ ಅದರ ಆಶ್ರಯಕ್ಕೆ ಬಂದವು.

ಹೀಗೆ ಒಂದೇ ನೀರನ್ನು ಒಬ್ಬನೇ ಯಜಮಾನ ಮೂವರಿಗೆ ಮಾರಿದನು. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ಈ ವಂಚನೆ ಯಾರಿಗೂ ಕಾಣಲಿಲ್ಲ. ಬರ ಬಂದ ವರ್ಷ ಮೂವರೂ ತಮ್ಮ ತಮ್ಮ ಪತ್ರ ಹಿಡಿದು ಬಂದರು. ಆಗ ಮಾರಿದವನು ಕಾನೂನಿನ ಪುಸ್ತಕ ತೋರಿಸಿ ಪಕ್ಕಕ್ಕೆ ಸರಿದನು, ಕೊಂಡವರು ಪರಸ್ಪರ ಕಾದಾಡಿದರು. 2001ರ ಡಿಸೆಂಬರಿನಲ್ಲಿ ಬುಡಕಟ್ಟಿನವರು ವಾಸಿಸುವ ಚಿಲೊಕ್ವಿನ್ ಎಂಬ ಊರಿಗೆ ವಾಹನದಲ್ಲಿ ಬಂದ ಕೆಲವು ಯುವಕರು ಮೀನಿನ ಹೆಸರಿನಲ್ಲಿ ಅವರನ್ನು ಹಂಗಿಸಿ ಗುಂಡು ಹಾರಿಸಿ ಹೋದರು. ಸಿಟ್ಟು ಎಂದಿನಂತೆ ದುರ್ಬಲನ ಮನೆಯ ಬಾಗಿಲಿಗೇ ಬಂತು.

ಮರುವರ್ಷ ಪಟ್ಟು ಬದಲಾಯಿತು. 2002ರ ವಸಂತದಲ್ಲಿ ಇಬ್ಬರು ಕೇಂದ್ರ ಸಚಿವರು ಸ್ವತಃ ಬಂದು ಕಾಲುವೆಯ ಬಾಗಿಲು ತೆರೆದರು, ಹೊಲಗಳಿಗೆ ನೀರು ಹರಿಯಿತು. ಸೆಪ್ಟೆಂಬರಿನಲ್ಲಿ, ಸಮುದ್ರದಿಂದ ಮೊಟ್ಟೆಯಿಡಲು ನದಿಯೇರುತ್ತಿದ್ದ ಸಾಲ್ಮನ್ ಮೀನುಗಳು ಕೆಳಗಿನ ಕ್ಲಾಮತ್ ನದಿಯ ತೆಳುವಾದ, ಬೆಚ್ಚನೆಯ ನೀರಿನಲ್ಲಿ ಕಿಕ್ಕಿರಿದು, ರೋಗ ಹಬ್ಬಿ ಸತ್ತವು. ಅಧಿಕೃತ ಲೆಕ್ಕದಂತೆಯೇ 33,000ಕ್ಕಿಂತ ಹೆಚ್ಚು. ನದಿಯ ಬಾಯಲ್ಲಿರುವ ಯೂರೋಕ್ ಬುಡಕಟ್ಟಿನವರ ಆಹಾರ ದಂಡೆಗಳಲ್ಲಿ ಕೊಳೆತು ನಾರಿತು.

ರೈತರ ದೂರನ್ನು ತಳ್ಳಿಹಾಕುವ ಉದ್ದೇಶ ನಮಗಿಲ್ಲ. ಸರೋವರದ ಮಟ್ಟವನ್ನು ಎತ್ತರದಲ್ಲಿ ಹಿಡಿದಿಡುವುದರಿಂದ ಸಕ್ಕರ್ ಮೀನುಗಳು ಉಳಿಯುತ್ತವೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ 2002ರಲ್ಲಿ ಹೇಳಿತು. ಸರೋವರದ ರೋಗ ಬೇರೆಯೂ ಇದೆ. ಸುತ್ತಲಿನ ಜೌಗು ಬತ್ತಿಸಿದ್ದರಿಂದ ಸೋಸುವ ಜರಡಿ ಇಲ್ಲವಾಯಿತು. ರಂಜಕ ತುಂಬಿದ ನೀರಿನಲ್ಲಿ ಬೇಸಿಗೆಯಲ್ಲಿ ಪಾಚಿ ಉಕ್ಕಿ, ಕೊಳೆತು, ಮೀನಿನ ಉಸಿರು ಕಟ್ಟುತ್ತದೆ. ಐವತ್ತು ವರ್ಷ ಬದುಕಬಲ್ಲ ಈ ಮೀನುಗಳಲ್ಲಿ ಹಳೆಯವು ಮೊಟ್ಟೆಯಿಡುತ್ತಲೇ ಇವೆ, ಮರಿಗಳು ಮಾತ್ರ ಪ್ರಾಯಕ್ಕೆ ಬರುತ್ತಿಲ್ಲ. ಒಂದು ಬೇಸಿಗೆಯ ಕಾಲುವೆ ಮುಚ್ಚಿದರೆ ನೂರು ವರ್ಷಗಳ ಈ ಹಾನಿ ಸರಿಯಾಗದು. ಇದೂ ನಿಜ.

ಬಂಧುಗಳೇ, ಮದ್ರಸದಲ್ಲಿ ಕಲಿಯುತ್ತಿದ್ದಾಗ ಫಿಕ್‌ಹ್ ಗ್ರಂಥದಲ್ಲಿ ನೀರಿನ ಹಕ್ಕುಗಳ ಅಧ್ಯಾಯವನ್ನು ನಾವು ಬಹಳ ಬೇಗ ದಾಟಿದ್ದೆವು. ತಹಾರತ್ತಿನ ಅಧ್ಯಾಯಕ್ಕೆ, ಬಾವಿಗೆ ಇಲಿ ಬಿದ್ದರೆ ಎಷ್ಟು ಕೊಡ ನೀರು ತೆಗೆಯಬೇಕೆಂಬ ಚರ್ಚೆಗೆ ವಾರಗಳು ಸಂದವು. ಯಾರ ಹೊಲಕ್ಕೆ ಮೊದಲು ನೀರು ಎಂಬುದಕ್ಕೆ ಒಂದೆರಡು ದಿನ. ಈಗ ತಿರುಗಿ ಓದಿದಾಗ ಅಲ್ಲಿ ಎರಡು ಹಕ್ಕುಗಳು ಕಾಣುತ್ತವೆ. ಒಂದು ಶಫಾ, ಅಂದರೆ ಬಾಯಾರಿಕೆಯ ಹಕ್ಕು. ಇನ್ನೊಂದು ಶಿರ್ಬ್, ಹೊಲಕ್ಕೆ ನೀರು ಹಾಯಿಸುವ ಹಕ್ಕು. ಬಾಯಾರಿಕೆಯ ಹಕ್ಕು ಮೊದಲನೆಯದು. ಅದು ಮನುಷ್ಯನಿಗೂ ಉಂಟು, ಮೂಕ ಪ್ರಾಣಿಗೂ ಉಂಟು.

ಸಮೂದ್ ಜನಾಂಗದ ಕತೆ ನಮಗೆಲ್ಲ ಬಾಯಿಪಾಠ. ಪ್ರವಾದಿ ಸ್ವಾಲಿಹ್(ಅ)ರ ಒಂಟೆಯನ್ನು ಕುರಿತು ಪ್ರವಚನಗಳಲ್ಲಿ ಪವಾಡವನ್ನು ವರ್ಣಿಸುತ್ತೇವೆ, ಶಿಕ್ಷೆಯನ್ನು ವರ್ಣಿಸುತ್ತೇವೆ. ಪವಿತ್ರ ಕುರ್‌ಆನಿನ ಅಶ್ಶುಅರಾ ಮತ್ತು ಅಲ್ ಕಮರ್ ಅಧ್ಯಾಯಗಳು ಹೇಳುವ ಒಂದು ಸಣ್ಣ ಸಂಗತಿಯ ಬಳಿ ನಿಲ್ಲುವುದಿಲ್ಲ. ಪರೀಕ್ಷೆ ನಡೆದದ್ದು ನೀರಿನ ಸರದಿಯ ಮೇಲೆ. ಒಂದು ದಿನ ಒಂಟೆಯದು, ಒಂದು ದಿನ ಜನರದು. ತಮ್ಮ ಬಾವಿಯಲ್ಲಿ ಪ್ರಾಣಿಗೊಂದು ಪಾಲಿದೆಯೆಂಬುದನ್ನು ಆ ಬಲಿಷ್ಠರು ಸಹಿಸಲಿಲ್ಲ.

ಹಾಗೆಂದು, ಅಮೇರಿಕದ ಕಾನೂನು ನಮ್ಮಲ್ಲಿ ಮೊದಲೇ ಇತ್ತೆಂದು ಎದೆತಟ್ಟಿಕೊಳ್ಳುವ ಚಾಳಿಗೆ ನಾವು ಬೀಳಬಾರದು. ಫುಕಹಾಗಳು ಹೇಳಿದ್ದು ಕುರಿ, ಒಂಟೆಗಳ ಬಾಯಾರಿಕೆಯನ್ನು. ಸರೋವರದ ಮೀನಿಗೆ ವಕೀಲರನ್ನು ನೇಮಿಸಿದವರು ನಾವಲ್ಲ. ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ದೇಶಗಳ ನದಿಗಳ ಸ್ಥಿತಿಯನ್ನು ನೋಡಿದರೆ ಹೆಮ್ಮೆಪಡಲು ಏನೂ ಇಲ್ಲ. ನಮ್ಮ ಕಾವೇರಿಯ ವಿಚಾರದಲ್ಲಿ 2007ರ ಅಂತಿಮ ತೀರ್ಪು 740 ಟಿಎಂಸಿ ನೀರಿನಲ್ಲಿ 10 ಟಿಎಂಸಿಯನ್ನು ಪರಿಸರ ರಕ್ಷಣೆಗೆಂದು ಬೇರೆಯಿಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿದಾಗಲೂ ಆ ಹತ್ತನ್ನು ಮುಟ್ಟಲಿಲ್ಲ. ನಮ್ಮ ಎಷ್ಟು ಮಂದಿ ಖತೀಬರಿಗೆ ಈ ಹತ್ತು ಟಿಎಂಸಿಯ ವಿಷಯ ತಿಳಿದಿದೆ?

ಮದೀನಾದಲ್ಲಿ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ಕಾಲುವೆಯ ನೀರಿಗಾಗಿ ವ್ಯಾಜ್ಯ ಬಂದಿತ್ತು. ಝುಬೈರ್‌ರ ತೋಟ ಮೇಲೆ, ಅನ್ಸಾರಿಯದು ಕೆಳಗೆ. ಪ್ರವಾದಿವರ್ಯರು(ಸ) ಮೊದಲು ಸಂಧಾನದ ದಾರಿ ತೋರಿದರು, ಸ್ವಲ್ಪ ಹಾಯಿಸಿ ನೆರೆಯವನಿಗೆ ಬಿಡು ಎಂದರು. ಅನ್ಸಾರಿ ಅದರಲ್ಲಿ ಪಕ್ಷಪಾತ ಕಂಡನು. ಆಗ ಝುಬೈರ್‌ರ ಪೂರ್ಣ ಹಕ್ಕನ್ನು ಕೊಡಲಾಯಿತು. ಬದುವಿನ ಬುಡ ಮುಟ್ಟುವವರೆಗೆ ನೀರು ನಿಲ್ಲಿಸು, ಆಮೇಲೆ ಬಿಡು. ಸಂಧಾನ ಮುರಿದಾಗ ಹೆಚ್ಚು ಕಳೆದುಕೊಂಡವನು ಅದನ್ನು ಮುರಿದವನೇ. ಪೂರ್ಣ ಹಕ್ಕಿಗೂ ಬದುವಿನ ಎತ್ತರದ ಮಿತಿಯಿತ್ತೆಂಬುದನ್ನೂ ಗಮನಿಸಿ.

ಕ್ಲಾಮತ್‌ನಲ್ಲಿಯೂ ಸಂಧಾನ ನಡೆಯಿತು. ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕುಳಿತು ಬುಡಕಟ್ಟಿನವರೂ ರೈತರೂ ಮೀನುಗಾರರೂ 2010ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ವಾಷಿಂಗ್ಟನ್ನಿನ ಸಂಸತ್ತು ಅದಕ್ಕೆ ಅನುಮೋದನೆ ನೀಡಲಿಲ್ಲ. 2015ರ ಕೊನೆಗೆ ಅದು ಅವಧಿ ಮುಗಿದು ಸತ್ತಿತು. ಎಲ್ಲರೂ ಕಟ್ಟುನಿಟ್ಟಿನ ಹಕ್ಕಿಗೆ ಮರಳಿದರು. ಆ ಹಕ್ಕಿನ ತಕ್ಕಡಿಯಲ್ಲಿ ಬುಡಕಟ್ಟಿನವರ ದಾವೆ ಎಲ್ಲರಿಗಿಂತ ಹಿರಿಯದೆಂದು ಒರೆಗಾನ್ ರಾಜ್ಯ 2013ರಲ್ಲೇ ನಿರ್ಣಯಿಸಿತ್ತು. 2001ರ ನಷ್ಟಕ್ಕೆ ಪರಿಹಾರ ಕೋರಿದ ರೈತರ ದಾವೆಯೂ ಇದೇ ಕಾರಣದಿಂದ 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. 2021ರ ಬರದಲ್ಲಿ ಕಾಲುವೆ ಮತ್ತೆ ಮುಚ್ಚಿತು. ರೈತರು ಕೊಳವೆಬಾವಿಗಳಿಗೆ ಮೊರೆಹೋದರು. ಅನೇಕ ಮನೆಗಳ ಕುಡಿಯುವ ನೀರಿನ ಬಾವಿಗಳು ಬತ್ತಿದವು.

2024ರಲ್ಲಿ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, ಸಾಲ್ಮನ್ ಒರೆಗಾನ್ ರಾಜ್ಯದ ಮೇಲಣ ನೀರಿಗೆ ತಲುಪಿತು. ಸರೋವರದ ಸಕ್ಕರ್ ಮೀನಿನ ಕಷ್ಟ ಅದರಿಂದ ತೀರಲಿಲ್ಲ. ಬುಡಕಟ್ಟಿನವರು ಅದನ್ನು ಚ್ವಾಮ್ ಎನ್ನುತ್ತಾರೆ. ಒಂದು ಕಾಲದಲ್ಲಿ ಚಳಿಗಾಲದ ಹಸಿವು ಕಳೆಯಲು ಹಿಮ ಕರಗುವ ಹೊತ್ತಿಗೆ ಬರುತ್ತಿದ್ದ ಮೀನು ಅದು. ಕಾನೂನು ಮೀನಿನ ನೆರವಿಗೆ ಬರುವುದಕ್ಕೆ ಎರಡು ವರ್ಷ ಮೊದಲೇ, 1986ರಲ್ಲಿ, ಅದನ್ನು ಹಿಡಿಯುವುದನ್ನು ಅವರು ತಾವಾಗಿಯೇ ನಿಲ್ಲಿಸಿದ್ದರು. ಈಗಲೂ ಪ್ರತಿ ವಸಂತದಲ್ಲಿ ನದಿಯ ದಂಡೆಯಲ್ಲಿ ಸೇರಿ ಅದರ ಬರವಿಗೆ ಪ್ರಾರ್ಥಿಸುತ್ತಾರೆ. ಆ ಆಚರಣೆಗೆಂದು ಅವರು ನೀರಿನಿಂದ ತೆಗೆಯುವುದು ವರ್ಷಕ್ಕೆ ಎರಡೇ ಎರಡು ಮೀನು.