ಜೇನು ಕಡಿದಾಗ ರಕ್ತ ಹೇಳುವ ಸಾಕ್ಷಿ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನಿಮ್ಮಲ್ಲಿ ನೋಡದವರು ಕಡಿಮೆ. ಗುಂಡ್ಲುಪೇಟೆಯಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಬಂಡೀಪುರದ ಕಾಡಿನೊಳಗೆ, 1,454 ಮೀಟರ್ ಎತ್ತರದಲ್ಲಿರುವ ಮಂಜಿನ ಬೆಟ್ಟ ಅದು. ಮಳೆಗಾಲದಲ್ಲಿ ಅದರ ತಪ್ಪಲಿನ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳುತ್ತವೆ. ಹೂವಿದ್ದಲ್ಲಿಗೆ ಜೇನು ಬರುತ್ತದೆ. ಕಾಡಿನ ಎತ್ತರದ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಲದಲ್ಲಿ ದುಡಿಯುವವರಿಗೂ ಜೇನು ಬಿಡಿಸುವ ಜೇನುಕುರುಬರಿಗೂ ಅದರ ಕಡಿತ ಹೊಸದಲ್ಲ. ಬಹಳ ಜನರಿಗೆ ಉರಿ, ಊತ ಬಂದು ಇಳಿದುಹೋಗುತ್ತದೆ. ಆದರೆ ಕೆಲವರು ಒಂದೇ ಒಂದು ಕಡಿತಕ್ಕೆ ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಕುಸಿದು ಬೀಳುತ್ತಾರೆ. ಇದು ಏಕೆ?

ಉತ್ತರ ನಮ್ಮ ಚರ್ಮ, ಶ್ವಾಸಕೋಶ, ಕರುಳುಗಳಲ್ಲಿ ಕಾವಲು ಕುಳಿತ ಮಾಸ್ಟ್ ಕಣಗಳಲ್ಲಿದೆ. ಇವುಗಳನ್ನು ಗುರುತಿಸಿ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಕ್. 1878ರಲ್ಲಿ ಅವರು ಇನ್ನೂ ವಿದ್ಯಾರ್ಥಿ ಎಂಬುದನ್ನು ನೀವು ನೆನಪಿಡಬೇಕು. ಈ ಕಣಗಳ ಒಳಗೆ ಹಿಸ್ಟಮಿನ್, ಟ್ರಿಪ್ಟೇಸ್ ಮೊದಲಾದ ವಸ್ತುಗಳು ತುಂಬಿರುತ್ತವೆ. ಅಲರ್ಜಿ ಇರುವವರಿಗೆ ಜೇನಿನ ವಿಷ ತಗುಲಿದಾಗ ಅವೆಲ್ಲ ಒಮ್ಮೆಗೇ ಹೊರಬೀಳುತ್ತವೆ. ರಕ್ತದ ಒತ್ತಡ ಇಳಿಯುತ್ತದೆ, ಗಂಟಲು ಊದುತ್ತದೆ. ಇದೇ ಅನಾಫಿಲ್ಯಾಕ್ಸಿಸ್.

ಬಿದ್ದವನಿಗೆ ಆದದ್ದು ಹೃದಯಾಘಾತವೋ, ಹೆದರಿಕೆಯ ಮೂರ್ಛೆಯೋ, ಅಲರ್ಜಿಯೋ? ಇದು ತಿಳಿಯದಿದ್ದರೆ ಮುಂದಿನ ಕಡಿತ ಜೀವ ತೆಗೆಯಬಹುದು. ಹಿಸ್ಟಮಿನ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಟ್ರಿಪ್ಟೇಸ್ ಎಂಬ ಪ್ರೋಟೀನು ಹಾಗಲ್ಲ. ಅದು ಒಂದು, ಒಂದೂವರೆ ಗಂಟೆಯ ಹೊತ್ತಿಗೆ ಏರಿ, ನಂತರ ಸುಮಾರು ಎರಡು ಗಂಟೆಗೊಮ್ಮೆ ಅರ್ಧರ್ಧ ಇಳಿಯುತ್ತದೆ. ಅಮೆರಿಕದ ಲಾರೆನ್ಸ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಅನಾಫಿಲ್ಯಾಕ್ಸಿಸ್‌ನ ಗುರುತಾಗಿ ತೋರಿಸಿಕೊಟ್ಟರು. ಆದ್ದರಿಂದ ತೊಂದರೆ ಶುರುವಾದ ನಾಲ್ಕು ಗಂಟೆಯೊಳಗೆ ರಕ್ತ ತೆಗೆಯಬೇಕು, ಸೀಸೆಯ ಮೇಲೆ ಸಮಯ ಬರೆಯಬೇಕು.

ಇಲ್ಲೊಂದು ಮುಖ್ಯವಾದ ಮಾತು. ಒಂದು ರಕ್ತಮಾದರಿ ಸಾಲದು. ಪೂರ್ತಿ ಗುಣವಾಗಿ ಕನಿಷ್ಠ 24 ಗಂಟೆ ಕಳೆದ ಮೇಲೆ ಇನ್ನೊಂದು ಬೇಕು. ಅದು ಆ ವ್ಯಕ್ತಿಯ ಮಾಮೂಲಿ ಮಟ್ಟ. ಮಾಮೂಲಿ ಮಟ್ಟ, ಅದರ ಶೇ. 20, ಅದಕ್ಕೆ 2 ಸೇರಿಸಿ ಬರುವ ಸಂಖ್ಯೆಯನ್ನು ಮೊದಲ ಮಾದರಿ ಮುಟ್ಟಿದರೆ ಅಥವಾ ಮೀರಿದರೆ ಮಾಸ್ಟ್ ಕಣಗಳು ಸಿಡಿದವು ಎಂದು ಅರ್ಥ. ಲೆಕ್ಕ ಮಾಡಿ ನೋಡಿ. ಒಬ್ಬರ ಮಾಮೂಲಿ ಮಟ್ಟ ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ. 5ಕ್ಕೆ 1, ಮತ್ತೆ 2 ಸೇರಿಸಿದರೆ 8. ಬಿದ್ದ ದಿನ ಅವರ ಟ್ರಿಪ್ಟೇಸ್ 9 ಇತ್ತೆನ್ನಿ. ಸಾಮಾನ್ಯ ಮಿತಿ ಸುಮಾರು 11.4 ಎಂದು ಬಹುಕಾಲ ಬಳಕೆಯಲ್ಲಿದೆ. ಅದನ್ನಷ್ಟೇ ನೋಡಿದವರು ‘ಏನೂ ಇಲ್ಲ’ ಎಂದು ಕಳಿಸಿಬಿಡುತ್ತಾರೆ. ಎರಡನೆಯ ಮಾದರಿ ಇದ್ದರೆ ಮಾತ್ರ ಸತ್ಯ ಹೊರಬೀಳುತ್ತದೆ.

ಇನ್ನು ಕೆಲವರಲ್ಲಿ ಆರೋಗ್ಯವಾಗಿದ್ದ ದಿನವೂ ಟ್ರಿಪ್ಟೇಸ್ ಹೆಚ್ಚೇ ಇರುತ್ತದೆ. 20ಕ್ಕಿಂತ ಮೇಲಿದ್ದರೆ ಮಾಸ್ಟ್ ಕಣಗಳು ಅತಿಯಾಗಿ ಬೆಳೆಯುವ ಮಾಸ್ಟೊಸೈಟೋಸಿಸ್ ಎಂಬ ಅಪರೂಪದ ಕಾಯಿಲೆಯ ಅನುಮಾನ ಬರುತ್ತದೆ. ಇಂಥವರಿಗೆ ಜೇನು, ಕಣಜ ಕಡಿದರೆ ಅಪಾಯ ಹೆಚ್ಚು. ಮೈಮೇಲೆ ಗಂದೆ ಏಳದೆಯೇ ನೇರವಾಗಿ ಕುಸಿದು ಬೀಳುವುದು ಇದರ ಒಂದು ಸೂಚನೆ. ಹಾಗೆಂದು ಸಂಖ್ಯೆ ಕಂಡ ಕೂಡಲೇ ಹೆದರಬೇಡಿ. ಮೂತ್ರಪಿಂಡದ ಕಾಯಿಲೆಯಿಂದಲೂ ಅದು ಏರಬಹುದು. ಟ್ರಿಪ್ಟೇಸ್ ಜೀನಿನ ಹೆಚ್ಚುವರಿ ಪ್ರತಿಗಳು ವಂಶಪಾರಂಪರ್ಯವಾಗಿ ಬಂದವರಲ್ಲೂ ಏರಿರುತ್ತದೆ ಎಂದು 2016ರಲ್ಲಿ ತಿಳಿದುಬಂತು. ಕಾಯಿಲೆಯನ್ನು ಖಚಿತಪಡಿಸಲು ಮೂಳೆಮಜ್ಜೆಯ ಪರೀಕ್ಷೆ, ಕಿಟ್ ಎಂಬ ಜೀನಿನ ಪರೀಕ್ಷೆ ಆಗಬೇಕು. ಹಾಗೆಯೇ ಟ್ರಿಪ್ಟೇಸ್ ಏರಲಿಲ್ಲವೆಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದೂ ಅಲ್ಲ. ಆಹಾರದ ಅಲರ್ಜಿಯಲ್ಲಿ ಅದು ಎಷ್ಟೋ ಸಲ ಏರುವುದಿಲ್ಲ.

ಒಂದು ಎಚ್ಚರಿಕೆ. ಈ ಪರೀಕ್ಷೆಗಾಗಿ ಚಿಕಿತ್ಸೆ ಒಂದು ನಿಮಿಷವೂ ಕಾಯಬಾರದು. ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಇಂಜೆಕ್ಷನ್. ನಿಮ್ಮ ಕಣ್ಣೆದುರು ಯಾರಾದರೂ ಹೀಗೆ ಬಿದ್ದರೆ ಜೇನಿನಿಂದ ದೂರ ಸಾಗಿಸಿ, ಮುಳ್ಳನ್ನು ಬೇಗ ತೆಗೆಯಿರಿ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಕೂರಲು ಬಿಡಿ. ಎಬ್ಬಿಸಿ ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಕಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಪರೀಕ್ಷೆಯನ್ನು ದೊಡ್ಡ ಪ್ರಯೋಗಾಲಯದಲ್ಲೇ ಮಾಡಬೇಕಾದರೂ, ಸಮಯಕ್ಕೆ ತೆಗೆದ ರಕ್ತವನ್ನು ಬೇರ್ಪಡಿಸಿ ತಂಪಾಗಿಟ್ಟು ಕಳಿಸಲು ಸಾಧ್ಯವಿದೆ.

ವಿದ್ಯಾರ್ಥಿಗಳೇ, ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ನಿಮ್ಮಲ್ಲಿ ಕೆಲವರು ವೈದ್ಯರಾಗಬಹುದು, ಕೆಲವರು ದಾದಿಯರು, ಲ್ಯಾಬ್ ತಂತ್ರಜ್ಞರು ಆಗಬಹುದು. ಹೊಲದಲ್ಲಿ ಬಿದ್ದ ಒಬ್ಬ ಕೂಲಿಕಾರನ ಎರಡು ಸೀಸೆ ರಕ್ತ ಅವನ ಮುಂದಿನ ಆಯುಷ್ಯಕ್ಕೆ ಕಾವಲಾಗಬಲ್ಲದು ಎಂಬುದನ್ನು ಆಗ ಮರೆಯಬೇಡಿ.