ಕಂಪನಿ ‘ಇಲ್ಲ’ ಅಂದರೆ ಕೂಲಿಯವನ ಪರಿಹಾರ ಯಾರ ತಲೆ ಮೇಲೆ?

(ಕಮಲಾಪುರದಲ್ಲಿ ಸೇರಿದ್ದ ರೈತರ ಮುಂದೆ ಮಾಡಿದ ಭಾಷಣ)



ಸಾಲದ ಲೆಕ್ಕ ಹಾಕುವಾಗ ನಾವು ಬ್ಯಾಂಕಿನದು, ಸೊಸೈಟಿಯದು, ಅಡತಿ ಅಂಗಡಿಯದು ಎಲ್ಲ ಬರೆಯುತ್ತೇವೆ. ಬರೆಯದೇ ಬಿಡುವ ಸಾಲ ಒಂದಿದೆ. ಅದು ಅಪಘಾತದ ದಿನ ಹುಟ್ಟಿ, ತೀರ್ಪಿನ ದಿನ ಮನೆ ಬಾಗಿಲಿಗೆ ಬರುತ್ತದೆ. ಇವತ್ತು ಅದರ ಮಾತು.

ತೊಗರಿ ರಾಶಿ ಬಂತೆಂದರೆ ಆಳುಗಳನ್ನು ಟ್ರೇಲರಿನಲ್ಲಿ ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತೇವೆ. ಟ್ರೇಲರ್ ಮಗುಚುತ್ತದೆ, ಇಲ್ಲವೇ ರಾಶಿ ಯಂತ್ರಕ್ಕೆ ಕೈ ಸಿಗುತ್ತದೆ. ಗಾಯಗೊಂಡವನನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ಯುತ್ತೇವೆ. ವಿಮೆ ಇದೆಯಲ್ಲ ಅಂತ ಧೈರ್ಯ ಮಾಡಿರುತ್ತೇವೆ. ಸ್ವಲ್ಪ ದಿನಕ್ಕೆ ಕಂಪನಿಯ ಕಾಗದ ಬರುತ್ತದೆ: ಕ್ಲೇಮು ತಿರಸ್ಕರಿಸಲಾಗಿದೆ.

ಕಂಪನಿ ಇಲ್ಲ ಅಂದ ಮಾತ್ರಕ್ಕೆ ಕೂಲಿಯವನ ಹಕ್ಕು ಹೋಗುವುದಿಲ್ಲ. ಟ್ರ್ಯಾಕ್ಟರಿನಿಂದ, ಯಂತ್ರದಿಂದ, ಕರೆಂಟಿನಿಂದ ನಡೆಯುವ ಬೇಸಾಯದಲ್ಲಿ ದುಡಿಯುವವನಿಗೆ ಪರಿಹಾರ ಕೊಡುವ ಹೊಣೆ ಕೆಲಸಕ್ಕೆ ಕರೆದವನದು. 1923ರ ಕಾಯ್ದೆ ಹೇಳಿದ್ದನ್ನೇ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯೂ ಹೇಳುತ್ತದೆ. ತಪ್ಪು ಯಾರದು ಅಂತ ಮೊದಲು ಕೇಳುವುದಿಲ್ಲ. ಕೆಲಸದಲ್ಲಿ ಪೆಟ್ಟಾಯಿತೇ ಅಂತ ಕೇಳುತ್ತದೆ.

ಹೊಣೆ ಎಷ್ಟು ದೊಡ್ಡದು ನೋಡಿ. ಮೂವತ್ತು ವರ್ಷದ ಆಳು ತೀರಿಕೊಂಡ ಅನ್ನಿ. ತಿಂಗಳ ಕೂಲಿ 15,000 ರೂಪಾಯಿ ಅಂತ ಹಿಡಿದರೆ ಅದರ ಅರ್ಧ 7,500. ಆ ವಯಸ್ಸಿಗೆ ಕಾನೂನು ಕೊಟ್ಟ ಅಂಕ 207.98. ಗುಣಿಸಿದರೆ 15,59,850 ರೂಪಾಯಿ. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಆ ಬೆಲೆ ಪೂರಾ ಸಿಕ್ಕರೂ ಇದು 195 ಕ್ವಿಂಟಲ್ ತೊಗರಿ. ನಾಲ್ಕು ಎಕರೆಯವ ಎಲ್ಲಿಂದ ತಂದಾನು? ಹಾಗಂತ ದುಡಿಯುವ ಗಂಡನನ್ನು ಕಳಕೊಂಡ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಇಬ್ಬರೂ ಉಳಿಯಬೇಕಾದರೆ ಪ್ರೀಮಿಯಂ ತಗೊಂಡ ಕಂಪನಿಯೇ ಕೊಡಬೇಕು.

ಇಲ್ಲೇ ನಮ್ಮವರು ಎಡವುತ್ತಾರೆ. ಹೆದರಿ, “ಅವನು ನನ್ನ ಆಳಲ್ಲ ಸಾಹೇಬ, ದಾರಿಯಲ್ಲಿ ಹತ್ತಿದವ” ಅಂತ ಪೊಲೀಸರ ಮುಂದೆ ಹೇಳುತ್ತಾರೆ. ಕಂಪನಿಗೆ ಬೇಕಾದ್ದೂ ಅದೇ. ಆಳು ಅಲ್ಲ ಅಂದರೆ ಪುಕ್ಕಟೆ ಪ್ರಯಾಣಿಕ. ಪುಕ್ಕಟೆ ಪ್ರಯಾಣಿಕನಿಗೆ ನಮ್ಮ ವಿಮೆ ಇಲ್ಲ ಅಂತ ಅದು ಕೈ ತೊಳಕೊಳ್ಳುತ್ತದೆ. ನಿಮ್ಮನ್ನು ಉಳಿಸೀತು ಅಂತ ಆಡಿದ ಸುಳ್ಳು ನಿಮ್ಮ ವಿಮೆಯನ್ನೇ ಕೊಂದಿತು. ಆಳಾಗಿದ್ದರೆ ಆಳು ಅನ್ನಿ. ಕೂಲಿ ಎಷ್ಟು, ಎಂದಿನಿಂದ ಬರುತ್ತಿದ್ದ, ಏನು ಕೆಲಸ ಅಂತ ಇದ್ದದ್ದು ಇದ್ದಂತೆ ಹೇಳಿ. ಇಲ್ಲದ್ದನ್ನು ಹುಟ್ಟಿಸಿ ಹೇಳಲೂ ಬೇಡಿ. ಇಬ್ಬರೂ ಕೂಡಿ ಮಾಡಿದ ಮೋಸ ಅಂತ ಕಂಪನಿ ವಕೀಲರು ಕೂಗಲು ಕಾದಿರುತ್ತಾರೆ.

ಇನ್ನು ಏನು ಮಾಡಬೇಕು, ಕೇಳಿ.

ಮೊದಲನೆಯದು, ಏಜೆಂಟನ ಬಾಯಿಮಾತು ನಂಬಬೇಡಿ. ಯಾವ ಷರತ್ತಿನ ಮೇಲೆ ತಿರಸ್ಕಾರ ಅಂತ ಕಂಪನಿಯಿಂದ ಬರೆಸಿಕೊಳ್ಳಿ. ಸರಕಾರಿ ವಿಮಾ ಕಂಪನಿ ಆದರೆ ಮಾಹಿತಿ ಹಕ್ಕಿನಲ್ಲೂ ಕಾಗದ ಕೇಳಬಹುದು.

ಎರಡನೆಯದು, ಆ ಕಾರಣ ನಿಲ್ಲುತ್ತದೋ ನೋಡಿ. ಲಘು ವಾಹನದ ಲೈಸೆನ್ಸ್ ಸಾಲದು ಅಂದರೆ, 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಅದೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಟ್ರ್ಯಾಕ್ಟರ್ ನಿಂತಿತ್ತು, ಓಡುತ್ತಿರಲಿಲ್ಲ ಅಂದರೆ, ನಿಂತ ವಾಹನವೂ ‘ಬಳಕೆ’ಯಲ್ಲಿ ಇರಬಹುದು ಅಂತ 1991ರಲ್ಲೇ ಅದೇ ಕೋರ್ಟ್ ಹೇಳಿದೆ.

ಮೂರನೆಯದು, ಅರ್ಜಿ ಹಾಕಿಸಿ. ಕೂಲಿಯವನಿಗೆ ಎರಡು ದಾರಿ ಇವೆ: ಕಾರ್ಮಿಕ ಪರಿಹಾರದ್ದು ಒಂದು, ಮೋಟಾರು ಅಪಘಾತ ನ್ಯಾಯಮಂಡಳಿ ಇನ್ನೊಂದು. ಎರಡರಲ್ಲಿ ಒಂದೇ ಹಿಡಿಯಬೇಕು. ಮೊದಲನೆಯದಕ್ಕೆ ಎರಡು ವರ್ಷದ ಗಡುವು, ಎರಡನೆಯದಕ್ಕೆ ಕಾನೂನು ಬರೆದದ್ದು ಆರೇ ತಿಂಗಳು. ಯಾವ ಅಧಿಕಾರಿಯ ಮುಂದೆ ಅಂತ ಕಲಬುರಗಿಯ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಎಫ್‌ಐಆರ್, ಪಂಚನಾಮೆ, ಆಸ್ಪತ್ರೆಯ ಗಾಯದ ಪತ್ರ, ವಯಸ್ಸಿನ ದಾಖಲೆ, ಪಾಲಿಸಿ, ಲೈಸೆನ್ಸ್, ಇವು ಬೇಕು. ವಕೀಲರಿಗೆ ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.

ನಾಲ್ಕನೆಯದು, ಕಟ್ಟೆಯ ಮೇಲೆ ಬಗೆಹರಿಸಿ ಬಾಂಡ್ ಪೇಪರಿಗೆ ಹೆಬ್ಬೆಟ್ಟು ಒತ್ತಿಸಬೇಡಿ. ಸಾವಿನ ಪರಿಹಾರವನ್ನು ಅಧಿಕಾರಿಯ ಮುಂದೆ ಜಮಾ ಮಾಡಬೇಕು. ಕೈಯಲ್ಲಿ ಕೊಟ್ಟದ್ದು, ಅಲ್ಪ ಮುಂಗಡ ಬಿಟ್ಟರೆ, ಲೆಕ್ಕಕ್ಕೆ ಬರುವುದಿಲ್ಲ. ಎರಡು ಸಲ ಕೊಟ್ಟಂತಾದೀತು.

ಐದನೆಯದು, ಕೆಳಗೆ ಸೋತರೆ ಕೈ ಚೆಲ್ಲಬೇಡಿ. ಕಾರ್ಮಿಕ ಪರಿಹಾರದ ಆದೇಶಕ್ಕೆ ಕಾನೂನಿನ ಮುಖ್ಯ ಪ್ರಶ್ನೆ ಇದ್ದರೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಉಂಟು. ಅದಕ್ಕೀಗ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಕಲಬುರಗಿಯಲ್ಲೇ ಇದೆ. ಹಣ ತಡೆದಷ್ಟೂ ವರ್ಷಕ್ಕೆ ಶೇಕಡಾ 12 ಬಡ್ಡಿ ಏರುತ್ತದೆ ಅನ್ನುವುದು ನೆನಪಿರಲಿ.

ಅಪಘಾತ ಆದ ಮೇಲಿನ ಓಡಾಟ ಇದಾಯಿತು. ಮೊದಲೇ ಮಾಡುವ ಕೆಲಸ ಒಂದುಂಟು. ಇವತ್ತೇ ಪಾಲಿಸಿ ತೆಗೆದು ಓದಿಸಿ. ಟ್ರೇಲರ್ ಅದರಲ್ಲಿ ಇದೆಯೇ? ಕೂಲಿಕಾರರ ಹೊಣೆಗೆ ಪ್ರೀಮಿಯಂ ಕಟ್ಟಿದ್ದೀರಾ? 2007ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪ್ರಕರಣ ಹೋಗಿತ್ತು. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರು ಇಟ್ಟಿಗೆ ಭಟ್ಟಿಯ ಮಣ್ಣಿಗೆ ಹೋಗಿತ್ತು, ಟ್ರೇಲರಿಗೆ ವಿಮೆಯೇ ಇರಲಿಲ್ಲ. ಕೂಲಿಯವನಿಗೆ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ತೀರ್ಪಾಯಿತು. ಕೂಲಿಯವ ಉಳಿದ, ಮಾಲೀಕ ಸಾಲಕ್ಕೆ ಬಿದ್ದ. ಮುರುಮು, ಇಟ್ಟಿಗೆ ಬಾಡಿಗೆಗೆ ಟ್ರ್ಯಾಕ್ಟರ್ ಬಿಡುವವರು ಇದನ್ನು ಮರೆಯಬಾರದು.

ಬಂಧುಗಳೇ, ಕಂಪನಿ ಇಲ್ಲ ಅಂದ ದಿನ ರೈತನೂ ಕೂಲಿಯವನೂ ಒಬ್ಬರಿಗೊಬ್ಬರು ವೈರಿಗಳಾಗಿ ಕೋರ್ಟಿನಲ್ಲಿ ನಿಲ್ಲುತ್ತಾರೆ. ಕಂಪನಿ ದೂರ ನಿಂತು ನೋಡುತ್ತದೆ. ಬೆಲೆ ಸಿಗದಾಗ ನಾವು ಸಂಘ ಕಟ್ಟಿ ಕೇಳಿದೆವು. ನಮ್ಮ ಹೊಲದಲ್ಲಿ ಕೈ ಕಳಕೊಂಡವನ ಪರ ನಾವು ನಿಲ್ಲದಿದ್ದರೆ, ನಾಳೆ ನಮ್ಮ ಬೆಲೆಯ ಹೋರಾಟಕ್ಕೆ ಅವನು ಯಾಕೆ ಬರಬೇಕು? ಅವನ ಅರ್ಜಿಗೆ ಮೊದಲ ಸಾಕ್ಷಿ ನೀವೇ ಆಗಿ.