ಮೊಬೈಲ್ ಜಾಲದ ಲಭ್ಯ ವೇಗ: ಮಿತವ್ಯಯದ ಅಳತೆ



ಕನ್ನಡ ಪಾಠದ ವಿಡಿಯೋವನ್ನು ಮಕ್ಕಳಿಗೆ ಕಳುಹಿಸುವ ಮುನ್ನ, ಅವರ ಮನೆಯಲ್ಲಿ ಜಾಲದ ವೇಗ ಸಾಲುವುದೇ ಎಂಬುದನ್ನು ತಿಳಿಯಬೇಕಾಗುತ್ತದೆ. ಫೋನಿನ ಮೇಲ್ತುದಿಯ ಗೆರೆಗಳು ಇದನ್ನು ಹೇಳಲಾರವು. ಅವು ತೋರಿಸುವುದು ಟವರಿನ ಸಂಕೇತದ ಬಲವನ್ನು. ಆ ಟವರನ್ನು ಈ ಹೊತ್ತು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನಲ್ಲ.

ಸಾಮಾನ್ಯ ಸ್ಪೀಡ್ ಟೆಸ್ಟ್ ಜಾಲವನ್ನು ತುಂಬಿಸಿಯೇ ಅಳೆಯುತ್ತದೆ. ಸೆಕೆಂಡಿಗೆ 40 ಮೆಗಾಬಿಟ್ ವೇಗದಲ್ಲಿ 10 ಸೆಕೆಂಡು ನಡೆದರೆ 400 ಮೆಗಾಬಿಟ್, ಅಂದರೆ 50 ಮೆಗಾಬೈಟ್ ಡೇಟಾ ವ್ಯಯವಾಗುತ್ತದೆ. ದಿನದ ಮಿತಿಯುಳ್ಳ ಪಾಲಕರ ಫೋನಿನಲ್ಲಿ ಇದನ್ನು ನಾಲ್ಕು ಬಾರಿ ಮಾಡಿಸಿದರೆ 200 ಮೆಗಾಬೈಟ್ ಹೋಯಿತು. ಇದು ಅವಿವೇಕವೆಂದೇ ನನ್ನ ಅಭಿಪ್ರಾಯ.

ಮಿತವಾದ ಉಪಾಯವೊಂದನ್ನು 1991ರಲ್ಲಿ ಎಸ್. ಕೇಶವ್ ವಿಶ್ಲೇಷಿಸಿದರು. ಎರಡು ಪ್ಯಾಕೆಟ್‌ಗಳನ್ನು ಒಂದರ ಬೆನ್ನಿಗೊಂದು ಕಳುಹಿಸಬೇಕು. ಇಬ್ಬರು ಮಕ್ಕಳು ಜೊತೆಯಾಗಿ ಓಡಿಬಂದರೂ ಕಿರಿದಾದ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ದಾಟುವಂತೆ, ಮಾರ್ಗದ ಅತಿ ಇಕ್ಕಟ್ಟಾದ ಕೊಂಡಿಯಲ್ಲಿ ಅವುಗಳ ನಡುವೆ ಅಂತರ ಹುಟ್ಟುತ್ತದೆ. 1500 ಬೈಟ್ ಎಂದರೆ 12,000 ಬಿಟ್. ಅಂತರ 3 ಮಿಲಿಸೆಕೆಂಡಾದರೆ ಸಾಮರ್ಥ್ಯ ಸೆಕೆಂಡಿಗೆ 4 ಮೆಗಾಬಿಟ್. ಆದರೆ ಇದು ಬಾಗಿಲಿನ ಅಗಲವೇ ಹೊರತು, ಇತರರು ಬಳಸಿ ಉಳಿದ ಜಾಗವಲ್ಲ. ಉಳಿದುದನ್ನು ಅರಿಯಲು 2002ರಲ್ಲಿ ಮನೀಶ್ ಜೈನ್ ಮತ್ತು ಕಾನ್‌ಸ್ಟಾಂಟಿನೋಸ್ ಡೊವ್ರೋಲಿಸ್ ಬೇರೊಂದು ಕ್ರಮವನ್ನು ಮಂಡಿಸಿದರು: ಗೊತ್ತಾದ ವೇಗದಲ್ಲಿ ಪ್ಯಾಕೆಟ್‌ಗಳ ಸಾಲನ್ನು ಕಳುಹಿಸುವುದು, ಒಂದೊಂದರ ವಿಳಂಬವೂ ಹಿಂದಿನದಕ್ಕಿಂತ ಹೆಚ್ಚುತ್ತ ಹೋದರೆ ಆ ವೇಗ ಲಭ್ಯ ವೇಗವನ್ನು ಮೀರಿದೆಯೆಂದು ತಿಳಿಯುವುದು.

ಮೊಬೈಲಿನಲ್ಲಿ ತೊಡಕೊಂದಿದೆ. 4ಜಿ ಟವರು 1 ಮಿಲಿಸೆಕೆಂಡಿನ ಸರದಿಗಳಲ್ಲಿ ಡೇಟಾ ಹಂಚುತ್ತದೆ. ಜೋಡಿಯ ಎರಡೂ ಪ್ಯಾಕೆಟ್‌ಗಳು ಒಂದೇ ಸರದಿಯಲ್ಲಿ ಒಟ್ಟಿಗೆ ಬಂದಾವು, ಇಲ್ಲವೇ ಸರದಿಗಾಗಿ ಕಾದು ದೂರವಾದಾವು. ಆದ್ದರಿಂದ ಒಂದು ಜೋಡಿಯನ್ನು ನಂಬದೆ, ಹಲವು ಹತ್ತು ಪ್ಯಾಕೆಟ್‌ಗಳ ಸಾಲನ್ನು ಕಳುಹಿಸಿ ಒಟ್ಟು ಅವಧಿಯಿಂದ ಲೆಕ್ಕ ಹಾಕುವುದು ಮೇಲು.

ಶಾಲೆಯ ಬಳಕೆಗೆ ಇಷ್ಟು ಸೂಕ್ಷ್ಮತೆ ಬೇಡ. ಹೇಗೂ ಕಳುಹಿಸಲೇಬೇಕಾದ 2 ಮೆಗಾಬೈಟ್‌ನ ಪಾಠದ ಪಿಡಿಎಫ್ ಒಂದನ್ನೇ ಅಳತೆಗೋಲಾಗಿಸಬಹುದು, ಡೇಟಾ ವ್ಯರ್ಥವಾಗದು. ಅದು ಇಳಿಯಲು 8 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 2 ಮೆಗಾಬಿಟ್. ಆ ವೇಗದಲ್ಲಿ 60 ಮೆಗಾಬೈಟ್‌ನ ವಿಡಿಯೋಗೆ 4 ನಿಮಿಷ. ಏಳನೆಯ ತರಗತಿಯ ಮಕ್ಕಳೇ ಈ ಲೆಕ್ಕ ಮಾಡಬಲ್ಲರು. ವರ್ಗಾವಣೆ ಆರಂಭದಲ್ಲಿ ನಿಧಾನವಾಗಿ ವೇಗ ಪಡೆಯುವುದರಿಂದ, ತೀರ ಚಿಕ್ಕ ಕಡತ ಇರುವುದಕ್ಕಿಂತ ಕಡಿಮೆ ವೇಗವನ್ನು ತೋರಿಸೀತು. ಅಳೆಯುವ ಹೊತ್ತೂ ಮುಖ್ಯ: ತಂದೆಯ ಫೋನು ಮಗುವಿನ ಕೈಗೆ ಬರುವುದು ಸಂಜೆಯಾದರೆ, ಊರೆಲ್ಲ ಅದೇ ಟವರನ್ನು ಬಳಸುವ ಆ ಸಂಜೆಯಲ್ಲಿಯೇ ಅಳೆಯಬೇಕು, ಶಾಲೆಯ ಮಧ್ಯಾಹ್ನದಲ್ಲಿ ಅಲ್ಲ.